21 ದಿನಕ್ಕೊಂದು ಸೂಜಿ

ನಮ್ಮನೆ ಕ್ಯಾಲೆಂಡರ್‌ನಲ್ಲಿ 21 ದಿನಕ್ಕೊಂದು ಕೆಂಪು ರೌಂಡ್ ಇರತ್ತೆ. ಅವತ್ತು ತಂಗಿಗೆ ಪೆನಿಸಿಲಿನ್ ಇಂಜೆಕ್ಷನ್, 12 ಲಕ್ಷ ಯೂನಿಟ್. ಬಿಳಿ ಪುಡಿಗೆ ನೀರು ಬೆರೆಸಿ ಅಲ್ಲಾಡಿಸಿದ್ರೆ ಸುಣ್ಣದ ನೀರಿನ ಥರ ಆಗತ್ತೆ, ದಪ್ಪ ಸೂಜಿಲೇ ಸೊಂಟಕ್ಕೆ ಚುಚ್ಚಬೇಕು, ತಡ ಮಾಡಿದ್ರೆ ಸೂಜಿನೇ ಕಟ್ಕೊಳತ್ತೆ. ಆಮೇಲೆ ಒಂದಿನ ಪೂರ್ತಿ ಕೂರೋಕೂ ಒದ್ದಾಟ.

ಹನ್ನೊಂದು ವರ್ಷದವಳಿದ್ದಾಗ ಗಂಟಲು ನೋವು ಬಂದಿತ್ತು. ಉಪ್ಪುನೀರು ಮುಕ್ಕಳಿಸಿ, ಅರಿಶಿನ ಹಾಲು ಕುಡಿದು ನಾಲ್ಕು ದಿನಕ್ಕೆ ಹೋಯ್ತು, ನಾವೂ ಮರೆತ್ವಿ. ಮೂರು ವಾರ ಆದ್ಮೇಲೆ ಜ್ವರ, ಮಂಡಿ ಊತ, ಅದು ಇಳೀತು ಅನ್ನೋಷ್ಟ್ರಲ್ಲಿ ಕಾಲಿನ ಹರಡು, ಆಮೇಲೆ ಮೊಣಕೈ. ಬೆಳೆಯೋ ವಯಸ್ಸು, ಕಾಲ್ನೋವು ಇದ್ದಿದ್ದೇ ಅಂದ್ರು, ತೋರಿಸಿದ ಮೊದಲ ಡಾಕ್ಟ್ರೂ ಅದನ್ನೇ ಅಂದ್ರು. ರುಮ್ಯಾಟಿಕ್ ಫೀವರ್ ಅಂತ ಗೊತ್ತಾಗೋ ಹೊತ್ತಿಗೆ ಎಕೋದಲ್ಲಿ (ಹಾರ್ಟ್ ಸ್ಕ್ಯಾನ್) ಮೈಟ್ರಲ್ ವಾಲ್ವ್, ಅಂದ್ರೆ ಹೃದಯದ ಎಡಗಡೆಯ ಒಂದು ಕವಾಟ, ಲೀಕ್.

ಗಂಟಲು ನೋವಿಗೂ ಹಾರ್ಟಿಗೂ ಏನ್ ಸಂಬಂಧ ಅಂತ ನಂಗೂ ಅರ್ಥ ಆಗಿರ್ಲಿಲ್ಲ. ಗಂಟಲಲ್ಲಿ ಕೂತಿದ್ದ ಸ್ಟ್ರೆಪ್ಟೋಕಾಕಸ್ ಅನ್ನೋ ಬ್ಯಾಕ್ಟೀರಿಯಾ ಮೈಮೇಲೆ ಎಂ ಪ್ರೋಟೀನ್ ಅಂತ ಇರತ್ತೆ, ಎರಡು ಎಳೆ ಹೊಸೆದ ಹುರಿ ಥರ. ಹೃದಯದ ಸ್ನಾಯುವಿನ ಮಯೋಸಿನ್ ಅನ್ನೋ ಪ್ರೋಟೀನ್ ಕೂಡ ಹಂಗೇ ಹೊಸೆದ ಹುರಿ. ಒಂದನ್ನ ಹಿಡಿಯೋಕೆ ದೇಹ ತಯಾರು ಮಾಡಿದ ಆಂಟಿಬಾಡಿ ಕೆಲವು ಮಕ್ಕಳಲ್ಲಿ ಇನ್ನೊಂದನ್ನೂ ಹಿಡ್ಕೊಂಡ್ಬಿಡತ್ತೆ. ವಿಚಿತ್ರ ಏನಂದ್ರೆ ಕೊನೆವರೆಗೂ ಉಳಿಯೋ ಡ್ಯಾಮೇಜ್ ಸ್ನಾಯುಗಿಂತ ವಾಲ್ವ್‌ಗೇ ಜಾಸ್ತಿ. ವಾಲ್ವ್‌ನ ಒಳಪೊರೆ ಹತ್ರ ಲ್ಯಾಮಿನಿನ್ ಅಂತ ಇನ್ನೊಂದು ಪ್ರೋಟೀನ್ ಇದೆ, ಅದಕ್ಕೂ ಇದೇ ಹುರಿಯ ಹೋಲಿಕೆ. ಆಂಟಿಬಾಡಿ ಅಲ್ಲಿ ಅಂಟಿದ್ಮೇಲೆ ಪೊರೆ ಕೆರಳಿ, ಸೋಂಕಿನ ವಿರುದ್ಧ ಹೋರಾಡೋ ಟಿ ಸೆಲ್‌ಗಳು ಒಳಗೆ ನುಗ್ಗಿ, ಗಾಯ ಒಣಗ್ತಾ ಒಣಗ್ತಾ ತೆಳ್ಳಗಿದ್ದ ವಾಲ್ವ್ ದಪ್ಪ ಆಗಿ ಸುಕ್ಕುಗಟ್ಟತ್ತೆ.

ಅಂದ್ರೆ ಈ ಸೂಜಿ ವಾಲ್ವ್ ರಿಪೇರಿಗಲ್ಲ! ನೆಂಟರಿಗೆ ಹೇಳಿ ಹೇಳಿ ಸಾಕಾಗಿದೆ, "ಈಗ ಚೆನ್ನಾಗೇ ಓಡಾಡ್ತಾಳಲ್ಲ, ಇನ್ನೂ ಯಾಕೆ" ಅಂತಾರೆ. ಪೆನಿಸಿಲಿನ್ ಕೆಲಸ ಆ ಬ್ಯಾಕ್ಟೀರಿಯಾ ಮತ್ತೆ ಗಂಟಲಿಗೆ ಬರದಂಗೆ ನೋಡ್ಕೊಳೋದು, ಬಂದ್ರೆ ದೇಹಕ್ಕೆ ಹಳೇ ದ್ವೇಷ ನೆನಪಾಗತ್ತೆ, ಪ್ರತಿ ಸಲ ವಾಲ್ವ್ ಇನ್ನಷ್ಟು ಹಾಳು. ಔಷಧಿ ಸೊಂಟದಲ್ಲೇ ಕೂತು ನಿಧಾನಕ್ಕೆ ಕರಗ್ತಾ ಮೂರು ವಾರ ಬರತ್ತೆ, ಅದಕ್ಕೇ 21 ದಿನ. ಇವಳಿಗೆ ನಲವತ್ತು ವರ್ಷ ಆಗೋ ತನಕ ಅಂದಿದಾರೆ, ಈಗಿನ್ನೂ 23.

ಹೋದ ತಿಂಗಳು ಎಲ್ಲೂ ಸ್ಟಾಕ್ ಇರ್ಲಿಲ್ಲ, ನಾಲ್ಕನೇ ಮೆಡಿಕಲ್ ಶಾಪಲ್ಲಿ ಸಿಕ್ತು. ಚೀಟಿ ನೋಡಿ ಅಂಗಡಿಯವ್ರು "ಯಾರಿಗ್ರೀ ಹಾರ್ಟ್ ಪ್ರಾಬ್ಲಮ್ಮು" ಅಂದ್ರು.

"ಗಂಟಲಿಗೆ ಸಾರ್" ಅಂದೆ.