ಕೊಲ್ಹಾರದ ಹಳೆ ದೋಣಿ: ಮೇ ತಿಂಗಳವರೆಗಿನ ಕೆಲಸ

ಸಾಗವಾನಿ ಹಲಗೆಯ ದೋಣಿ. ಉದ್ದ 18 ಅಡಿ, ಚಪ್ಪಟೆ ತಳ, ತಳದ ಅಗಲ 4 ಅಡಿ. ತಳಕ್ಕೆ 8 ಇಂಚು ಅಗಲ, 1 ಇಂಚು ದಪ್ಪದ ಆರು ಹಲಗೆ. ಒಳಗೆ ಹಲಗೆಗಳನ್ನು ಹಿಡಿದಿಡುವ, ಜಾಲಿ ಮರದ ಒಂಬತ್ತು ಅಡ್ಡಗಟ್ಟಿಗೆ.

ಹಲಗೆ ದೋಣಿಗೆ ಆಲಮಟ್ಟಿ ಹಿನ್ನೀರಿನಲ್ಲಿ ನೀರಿಗಿಂತ ಬಿಸಿಲೇ ದೊಡ್ಡ ಶತ್ರು. ಮಳೆಗಾಲದಲ್ಲಿ ಸಮುದ್ರ ಮಟ್ಟದಿಂದ 519.60 ಮೀಟರಿನ ಪೂರ್ಣ ಮಟ್ಟಕ್ಕೆ ಏರಿದ ನೀರು ಬೇಸಿಗೆಗೆ ದಂಡೆ ಬಿಟ್ಟು ದೂರ ಸರಿಯುತ್ತದೆ. ದೋಣಿ ಎರೆಮಣ್ಣಿನ ಮೇಲೆ 40 ಡಿಗ್ರಿ ಬಿಸಿಲಿಗೆ ಬಿದ್ದುಕೊಂಡು ಒಣಗುತ್ತದೆ. ಈ ದೋಣಿಯ ತಳದಲ್ಲಿ ಹಲಗೆಗಳ ನಡುವಿನ ಸಂದೊಂದಕ್ಕೆ ಸುಮಾರು 3 ಮಿಲಿಮೀಟರ್ ಬಾಯಿ ಬಿಟ್ಟಿತ್ತು. ಐದು ಸಂದು ಸೇರಿದರೆ 15 ಮಿಲಿಮೀಟರ್. ನೀರಿಗಿಳಿದಾಗ ಹಲಗೆಗಳು ಉಬ್ಬಿ ಈ ಜಾಗವನ್ನು ವಾಪಸ್ ಕೇಳುತ್ತವೆ. ದುರಸ್ತಿಯ ಪ್ರತಿಯೊಂದು ತೀರ್ಮಾನವೂ ಈ ಲೆಕ್ಕದ ಮೇಲೆಯೇ ನಿಂತಿದೆ.

ಫೆಬ್ರವರಿ: ಬಿಚ್ಚುವುದು

ಹಿಂದಿನ ದುರಸ್ತಿಯಲ್ಲಿ ಎರಡು ಸಂದಿಗೆ ಸಿಮೆಂಟ್ ತುಂಬಿ, ಮೇಲೆ ಡಾಂಬರು ಬಳಿದು ತಗಡು ಹೊಡೆದಿದ್ದರು. ಸಿಮೆಂಟ್ ಒತ್ತಿದರೆ ತಗ್ಗುವ ವಸ್ತುವಲ್ಲ. ಹಲಗೆ ಉಬ್ಬಿದಾಗ ಆ ಒತ್ತಡವೆಲ್ಲ ಮೊಳೆಗಳ ಮೇಲೆ ಬಿದ್ದು, ಮೂರು ಅಡ್ಡಗಟ್ಟಿಗೆಗಳಿಂದ ಮೊಳೆ ಕಿತ್ತುಬಂದಿದೆ. ತಗಡಿನ ಕೆಳಗೆ ನಿಂತ ತೇವಕ್ಕೆ ಹೊರಹೋಗಲು ದಾರಿಯಿಲ್ಲದೆ ಹಲಗೆ ಕೊಳೆತಿದೆ. ದಬ್ಬಳ ಚುಚ್ಚಿದರೆ ಗಟ್ಟಿ ಸಾಗವಾನಿಯಲ್ಲಿ 2 ಮಿಲಿಮೀಟರ್ ಕೂಡ ಇಳಿಯದು, ಇಲ್ಲಿ ಅರ್ಧ ಇಂಚು ಸಲೀಸಾಗಿ ಇಳಿಯಿತು. ಗಟ್ಟಿ ಮರ ಸಿಗುವವರೆಗೆ, ಅದರಾಚೆ ಇನ್ನೂ ಒಂದು ಗೇಣು ಸೇರಿಸಿ ಕತ್ತರಿಸಿದ್ದಾಗಿದೆ.

ಜಾಲಿಯಲ್ಲಿ ಮೊಳೆಯ ಸುತ್ತ ಮಸಿಯಂಥ ಕಪ್ಪು ಉಂಗುರ ಕಾಣುತ್ತದೆ. ಚರ್ಮ ಹದ ಮಾಡಲು ಜಾಲಿ ತೊಗಟೆಯನ್ನು ಬಳಸುವುದು ಅದರಲ್ಲಿರುವ ಟ್ಯಾನಿನ್‌ಗಾಗಿ. ಅದೇ ಟ್ಯಾನಿನ್ ತೇವ ಮತ್ತು ಕಬ್ಬಿಣ ಸೇರಿದಾಗ ಕಪ್ಪಾಗುತ್ತದೆ. ಉಂಗುರ ಕಂಡ ಕಡೆ ಮೊಳೆ ಕಿತ್ತೇ ನೋಡಬೇಕು. ತಲೆ ಚೆನ್ನಾಗಿದ್ದರೂ ಹಲಗೆ ಮತ್ತು ಅಡ್ಡಗಟ್ಟಿಗೆ ಕೂಡುವ ಜಾಗದಲ್ಲಿ ನಡು ಸವೆದಿರುತ್ತದೆ.

ಮಾರ್ಚ್: ಮರದ ಕೆಲಸ

ಹೊಸ ಅಡ್ಡಗಟ್ಟಿಗೆಗೆ ಜಾಲಿಯೇ, ಆದರೆ ತಾನಾಗಿ ಬಾಗಿದ ಕೊಂಬೆಯೇ ಬೇಕು. ನೇರ ತುಂಡನ್ನು ಬಾಗಾಗಿ ಕೊಯ್ದರೆ ಮರದ ಎಳೆ ನಡುವೆ ತುಂಡಾಗಿ, ಬಾಗಿದ ಕಡೆಯೇ ಮುರಿಯುತ್ತದೆ. ಹಸಿ ಜಾಲಿ ಬಿಸಿಲಿಗೆ ತುದಿಯಿಂದ ಸೀಳುವುದರಿಂದ ಎರಡೂ ತುದಿಗೆ ದಪ್ಪಗೆ ಸಗಣಿ ಮೆತ್ತಿ ನೆರಳಿನಲ್ಲಿ ಇಟ್ಟಿದ್ದು. ಕೆತ್ತಿದ್ದೆಲ್ಲ ಬಾಚಿಯಿಂದ, ರಂದ ಮುಟ್ಟಿದ್ದು ಹಲಗೆಗೆ ಕೂರುವ ಮುಖಕ್ಕೆ ಮಾತ್ರ.

ಹಲಗೆಯ ತೇಪೆಗೆ ಹಳೆ ತುದಿ, ಹೊಸ ತುದಿ ಎರಡನ್ನೂ ಓರೆಯಾಗಿ ಕೆತ್ತಿ ಒಂದರ ಮೇಲೊಂದು ಕೂರಿಸಿದೆ. ಓರೆಯ ಉದ್ದ ದಪ್ಪದ ಎಂಟು ಪಟ್ಟು: 1 ಇಂಚಿಗೆ 8 ಇಂಚು. ಬಡಿಗರಿಗೆ ಇದು ದುಂದು ಅನಿಸಬಹುದು, ಬಾಗಿಲ ಚೌಕಟ್ಟಿಗೆ ಇಷ್ಟು ಬೇಡವೂ ಹೌದು. ದೋಣಿಯ ತಳ ಮಾತ್ರ ಹೆಜ್ಜೆ ಇಟ್ಟಾಗಲೆಲ್ಲ ಬಳುಕುತ್ತದೆ, ಗಿಡ್ಡ ಓರೆ ಅಲ್ಲೇ ಬಿಚ್ಚಿಕೊಳ್ಳುತ್ತದೆ.

ಮೊಳೆ 5 ಮಿಲಿಮೀಟರ್ ದಪ್ಪದ ಜಿಐ (ಸತು ಲೇಪಿಸಿದ ಕಬ್ಬಿಣ), ತೂತು 4 ಮಿಲಿಮೀಟರ್. ತೂತಿಲ್ಲದೆ ಹೊಡೆದರೆ ಸಾಗವಾನಿಯ ಅಂಚು ಸೀಳುತ್ತದೆ. ಒಳಗೆ ಅರ್ಧ ಇಂಚು ಚಾಚುವ ತುದಿಯನ್ನು ಎಳೆಗೆ ಅಡ್ಡವಾಗಿ ಮಡಚಬೇಕು. ಎಳೆಯ ಗುಂಟ ಮಡಚಿದ್ದು ಬೇಗ ಸಡಿಲಾಗುತ್ತದೆ.

ಏಪ್ರಿಲ್–ಮೇ: ಸಂದು

ಸಂದಿಗೆ ಹತ್ತಿ ತುಂಬುವ ಮೊದಲು ದೋಣಿಯನ್ನು ಚಪ್ಪರದ ಕೆಳಗೆ ತಂದು, ಒಳಗೆ ಹಸಿ ಗೋಣಿಚೀಲ ಹಾಸಿ, ಬಾಯಿ ಸುಮಾರು ಅರ್ಧಕ್ಕೆ ಇಳಿಯುವವರೆಗೆ ಕಾಯಬೇಕು. ಬಿರುಕು ಪೂರ್ತಿ ತೆರೆದಾಗಲೇ ಗಿಡಿದು ತುಂಬಿದರೆ ಹತ್ತಿಯೂ ಸಿಮೆಂಟಿನ ಕೆಲಸವನ್ನೇ ಮಾಡುತ್ತದೆ.

ಹತ್ತಿಯನ್ನು ಸಡಿಲವಾಗಿ ಹೊಸೆದು, ಹೊರಗಿನಿಂದ ಮೊಂಡ ಉಳಿ ಮತ್ತು ಕೊಡತಿಯಿಂದ ಅರ್ಧ ಆಳಕ್ಕೆ ಇಳಿಸಬೇಕು. ಸಂದು ಹೊರಗೆ ಅಗಲ, ಒಳಗೆ ಕಿರಿದಾಗಿರಲಿ. ಇಲ್ಲದಿದ್ದರೆ ಹತ್ತಿ ಒಳಗೆ ಉದುರುತ್ತದೆ. ತಳದ್ದೂ ಪಕ್ಕದ್ದೂ ಸೇರಿ ಒಟ್ಟು 150 ಅಡಿ ಸಂದಿಗೆ ಅರ್ಧ ಕಿಲೊಗಿಂತ ಸ್ವಲ್ಪ ಹೆಚ್ಚು ಹತ್ತಿ ಹಿಡಿಯಿತು.

ಮೇಲಿನ ಲೇಪಕ್ಕೆ ರಾಳದ ಪುಡಿ 1 ಕಿಲೊ, ಅಗಸಿ ಎಣ್ಣೆ 400 ಮಿಲಿಲೀಟರ್. ಕುಸುಬಿ ಎಣ್ಣೆಯೂ ಆರುತ್ತದೆ, ಆದರೆ ತಡವಾಗಿ. ಸಣ್ಣ ಉರಿಯಲ್ಲಿ ಕರಗಿಸಿ ಒಂದು ಹನಿಯನ್ನು ತಣ್ಣನೆ ಹಲಗೆಗೆ ಬಿಟ್ಟು ಉಗುರಿನಿಂದ ಒತ್ತಿ ನೋಡುವುದು: ಚಟ್ಟನೆ ಒಡೆದರೆ ಎಣ್ಣೆ ಸಾಲದು, ಬೆರಳಿಗೆ ನೂಲಿನಂತೆ ಎಳೆದರೆ ರಾಳ ಸಾಲದು, ಗುರುತು ಬಿದ್ದು ಹಾಗೇ ನಿಂತರೆ ಸರಿ. ಅಗಸಿ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು. ಅದು ತಾನೇ ಕಾದು ಹೊತ್ತಿಕೊಳ್ಳುತ್ತದೆ. ಹರವಿ ಒಣಗಿಸಬೇಕು ಅಥವಾ ನೀರಿನಲ್ಲಿ ಅದ್ದಿಡಬೇಕು.

ಉಳಿದದ್ದು

ಕೂರುವ ಅಡ್ಡಹಲಗೆ ಎರಡು, ಮೂತಿಯ ಹಗ್ಗದ ಕೊಂಡಿ, ಹೊರಮೈಗೆ ಅಗಸಿ ಎಣ್ಣೆಯ ಎರಡನೇ ಕೈ. ಇಲ್ಲಿ ಮಳೆ ಬಾರದಿದ್ದರೂ ಪಶ್ಚಿಮ ಘಟ್ಟದ ಮಳೆಯಿಂದ ಜುಲೈನಲ್ಲಿ ಕೃಷ್ಣೆ ಏರುತ್ತಾಳೆ, ಅಷ್ಟರೊಳಗೆ ಮುಗಿಯಬೇಕು. ಇಳಿಸಿದ ಕೂಡಲೇ ಜನ ಹತ್ತುವಂತಿಲ್ಲ. ಮೊಣಕಾಲುದ್ದ ನೀರಿನಲ್ಲಿ ಕಟ್ಟಿ, ಒಳಗೂ ನೀರು ತುಂಬಿ ಎರಡು ದಿನ ಬಿಟ್ಟು, ಆಮೇಲೆ ಮೊಗೆದು ಹಾಕಿ ಯಾವ ಸಂದು ಇನ್ನೂ ಜಿನುಗುತ್ತದೆ ಎಂದು ಸೀಮೆಸುಣ್ಣದಿಂದ ಗುರುತು ಹಾಕಬೇಕು.