ಮೊಟ್ಟೆಯ ದಿನ ತಡವಾಗಿ ಬರುವ ಹುಡುಗ

ವರ್ಷಕ್ಕೆ ಎರಡು ಸಲ ನಮ್ಮ ಅಂಗನವಾಡಿಯ ಮುಂದೆ ಬಂದು ನಿಲ್ಲುವ ವಾಹನಕ್ಕೆ ಮಕ್ಕಳು ‘ಸೂಜಿ ಗಾಡಿ’ ಎಂದು ಹೆಸರಿಟ್ಟಿದ್ದಾರೆ. ಇವರು ಸೂಜಿ ಚುಚ್ಚುವವರಲ್ಲ ಎಂದು ಎಷ್ಟು ಹೇಳಿದರೂ ಅಷ್ಟೇ, ಅರ್ಧ ಮಕ್ಕಳು ಬಾಗಿಲ ಹಿಂದೆ. ಅದು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ, 2013ರಲ್ಲಿ ಶುರುವಾದ ಯೋಜನೆ. ಹುಟ್ಟಿನಿಂದ ಬಂದ ದೋಷ, ಪೌಷ್ಟಿಕಾಂಶದ ಕೊರತೆ, ಕಾಯಿಲೆ, ಬೆಳವಣಿಗೆಯ ವಿಳಂಬ ಎಂದು ನಾಲ್ಕು ಬಗೆಯ ತೊಂದರೆಗಳನ್ನು ಹುಡುಕುತ್ತಾರೆ. ತೂಕ ಹಾಕುತ್ತಾರೆ, ಕಣ್ಣಿನ ರೆಪ್ಪೆ ಎಳೆದು ನೋಡುತ್ತಾರೆ, ಎದೆ ಪರೀಕ್ಷಿಸುತ್ತಾರೆ. ಮಾತು, ನಡವಳಿಕೆಯ ವಿಷಯ ಬಂದಾಗ ಮಾತ್ರ ನನ್ನ ಕಡೆ ತಿರುಗುತ್ತಾರೆ: ‘ಅಕ್ಕೋರೆ, ಈ ಮಗು ಮಾತಾಡುತ್ತದೆಯೇ?’

ಮೊದಮೊದಲು ನಾನು ಹಿಂದುಮುಂದು ನೋಡದೆ ಉತ್ತರ ಕೊಡುತ್ತಿದ್ದೆ.

ಲಿಂಗಸುಗೂರು ತಾಲ್ಲೂಕಿನ ನಮ್ಮ ಕೇಂದ್ರಕ್ಕೆ ಪಕ್ಕದ ತಾಂಡಾದ ಮಕ್ಕಳೂ ಬರುತ್ತಾರೆ. ಅಲ್ಲಿಂದ ಬರುತ್ತಿದ್ದ ನಾಲ್ಕು ವರ್ಷದ ಹುಡುಗಿಯೊಬ್ಬಳು ಮೂರು ತಿಂಗಳಾದರೂ ತುಟಿ ಬಿಚ್ಚಿರಲಿಲ್ಲ. ‘ಮಾತು ಬರುವುದಿಲ್ಲ’ ಎಂದೆ. ಅವರು ಬರೆದುಕೊಂಡರು, ರಾಯಚೂರಿಗೆ ಕರೆದೊಯ್ಯಲು ಚೀಟಿ ಕೊಟ್ಟರು. ಆ ಸಂಜೆ ಚೀಟಿ ಹಿಡಿದು ತಾಂಡಾಕ್ಕೆ ಹೋದರೆ, ಈ ಮಹಾತಾಯಿ ಕಟ್ಟೆಯ ಮೇಲೆ ನಿಂತು ಮೇಕೆಮರಿಗೆ ಲಂಬಾಣಿಯಲ್ಲಿ ಬೈಯುತ್ತಿದ್ದಾಳೆ. ಒಂದೆರಡು ಮಾತಲ್ಲ, ಉಸಿರು ಬಿಡದೆ. ನನ್ನನ್ನು ಕಂಡವಳೇ ‘ಯಾಡೀ’, ಅಂದರೆ ಅಮ್ಮಾ, ಎಂದು ಕೂಗಿ ಒಳಗೆ ಓಡಿದಳು. ಅವಳ ತಾಯಿ ನಕ್ಕು, ‘ಮನೆಯಲ್ಲಿ ಇವಳ ಬಾಯಿ ಮುಚ್ಚಿಸುವುದೇ ನಮಗೆ ಕಷ್ಟ’ ಎಂದಳು. ಚೀಟಿಯನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ.

ಮನೆಯಲ್ಲಿ ಒಂದು ಭಾಷೆ, ಹೊರಗೆ ಇನ್ನೊಂದು ಇದ್ದರೆ ಮಾತು ತಡವಾಗುತ್ತದೆ ಎನ್ನುವುದು ಸುಳ್ಳು. ಮನೆಯ ಭಾಷೆಯಲ್ಲೇ ಮಾತು ಹಿಂದೆ ಬಿದ್ದಿದ್ದರೆ ಚಿಂತಿಸಬೇಕು. ಎರಡು ತುಂಬಿದ ಮಗು ‘ಹಾಲು ಬೇಕು’ ಎಂದು ಎರಡು ಪದ ಕೂಡಿಸಬೇಕು, ಮೂರಕ್ಕೆ ಚಿಕ್ಕ ಚಿಕ್ಕ ವಾಕ್ಯ ಬರಬೇಕು. ಆದರೆ ಆ ಎರಡು ಪದ ಯಾವ ಭಾಷೆಯವು ಎಂದು ನಾನು ಕೇಳಿರಲಿಲ್ಲ.

ಎರಡನೆಯವನ ಕಥೆ ಬೇರೆ. ಅಪ್ಪ ಅಮ್ಮ ಗುಳೆ ಹೋಗಿ ಬೆಂಗಳೂರಿನಲ್ಲಿ ಕಟ್ಟಡದ ಕೆಲಸದಲ್ಲಿದ್ದರು. ಹುಡುಗ ಅಜ್ಜಿಯ ಹತ್ತಿರ. ಕಚ್ಚುತ್ತಿದ್ದ, ತಳ್ಳುತ್ತಿದ್ದ, ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಇಡೀ ಓಣಿಗೆ ಅವನು ‘ಮೊಂಡ’. ಆ ಸಮಯಕ್ಕೆ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ಮಕ್ಕಳ ನಡವಳಿಕೆಯ ಪ್ರಶ್ನಾವಳಿ ಹಿಡಿದು ಬಂದಳು. ಬ್ರಿಟನ್ನಿನ ಮನೋವೈದ್ಯ ರಾಬರ್ಟ್ ಗುಡ್‌ಮನ್ 1997ರಲ್ಲಿ ಪ್ರಕಟಿಸಿದ್ದಂತೆ ಅದು, ಒಟ್ಟು 25 ಹೇಳಿಕೆಗಳು. ಸಿಟ್ಟು, ಅಂಜಿಕೆ, ಚಡಪಡಿಕೆ, ಗೆಳೆಯರೊಂದಿಗಿನ ಜಗಳ ಎಲ್ಲ ಇವೆ. ನನಗೆ ಹಿಡಿಸಿದ್ದೆಂದರೆ, ಅದರಲ್ಲಿ ಐದು ಮಗುವಿನ ಒಳ್ಳೆಯ ಗುಣಗಳ ಬಗ್ಗೆ. ನಮ್ಮ ಇಲಾಖೆಯ ಯಾವ ನಮೂನೆಯೂ ಮಗುವಿನ ಒಳ್ಳೆಯತನ ಕೇಳಿದ್ದು ನನಗೆ ನೆನಪಿಲ್ಲ.

ಅಜ್ಜಿ ತಂಟೆಯ ಹೇಳಿಕೆಗಳಿಗೆಲ್ಲ ‘ಹೌದು, ಹೌದು’ ಎಂದಳು. ಫೋನಿನಲ್ಲಿ ತಾಯಿ ಎಲ್ಲಕ್ಕೂ ‘ಇಲ್ಲ’ ಎಂದಳು. ಪಾಪ, ಅವಳು ಮಗನನ್ನು ನೋಡಿದ್ದು ಯುಗಾದಿಯಲ್ಲಿ. ನಾನು ಅಜ್ಜಿಯ ಪರ. ವಿದ್ಯಾರ್ಥಿನಿ ಹಾಳೆ ಮಡಚುವಾಗ ಒಲೆಯ ಹತ್ತಿರದಿಂದ ನಮ್ಮ ಸಹಾಯಕಿ ಹೇಳಿದಳು: ‘ಮೊಟ್ಟೆಯ ದಿನ ನಾನು ಒಳಗಿನಿಂದ ಕೂಗುತ್ತೇನಲ್ಲ, ಉಳಿದವರು ಕೂಗಿಗೆ ಓಡಿ ಬರುತ್ತಾರೆ. ಇವನು ಅವರು ಓಡುವುದನ್ನು ನೋಡಿ ಬರುತ್ತಾನೆ.’

ಮರುದಿನ ಅವನು ಗೋಡೆಗೆ ಮುಖ ಮಾಡಿ ಮಣಿ ಪೋಣಿಸುತ್ತಿದ್ದಾಗ ಹಿಂದೆ ನಿಂತು ಶೇಂಗಾ ಡಬ್ಬಿ ಅಲ್ಲಾಡಿಸಿದೆ. ಮಣಿ ದಾರದಲ್ಲಿ ಇಳಿಯಿತು. ಇನ್ನೊಮ್ಮೆ ಅಲ್ಲಾಡಿಸಿದೆ. ಇನ್ನೊಂದು ಮಣಿ ಇಳಿಯಿತು. ಆಚೆ ಮೂಲೆಯ ಮೂವರು ಆಗಲೇ ಕೈ ಚಾಚಿಕೊಂಡು ಬಂದಿದ್ದರು. ಅವರ ನೆರಳು ಗೋಡೆಯ ಮೇಲೆ ಬಿದ್ದಾಗ ಅವನು ತಿರುಗಿದ.

ಡಬ್ಬಿ ಅಲ್ಲಾಡಿಸುವುದು ಪರೀಕ್ಷೆಯಲ್ಲ, ಗೊತ್ತು. ಪ್ರಶ್ನಾವಳಿಯೂ ರೋಗ ಹೇಳುವುದಿಲ್ಲ, ಯಾರನ್ನು ಮುಂದೆ ಕಳಿಸಬೇಕು ಎಂದಷ್ಟೇ ಹೇಳುತ್ತದೆ. ಅಜ್ಜಿಯನ್ನು ಮತ್ತೆ ಕೇಳಿದೆ. ‘ಕಿವಿ ಸೋರುತ್ತದೆ, ಮಳೆಗಾಲ ಕಳೆದರೆ ನಿಲ್ಲುತ್ತದೆ’ ಎಂದಳು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುತ್ತಿದ್ದಳಂತೆ. ಕಿವಿಯ ತಮಟೆ ತೂತಾಗಿದ್ದರೆ ಅದು ಬೆಂಕಿಗೆ ತುಪ್ಪ ಸುರಿದಂತೆ. ಆಸ್ಪತ್ರೆಯಲ್ಲಿ ನೋಡಿದಾಗ ತೂತಾಗಿತ್ತು, ಎರಡೂ ಕಡೆ.

ಔಷಧಿ ನಡೆದಿದೆ. ಅವನೀಗ ನನ್ನ ಮುಂದೆಯೇ ಕೂರುತ್ತಾನೆ, ನಾನು ಅವನ ಮುಖ ನೋಡಿ ಮಾತಾಡುತ್ತೇನೆ. ಕಚ್ಚುವುದು ಕಡಿಮೆಯಾಗಿದೆ, ನಿಂತಿಲ್ಲ. ಹೋದ ವಾರವಷ್ಟೇ ಒಬ್ಬನ ತೋಳಿನ ಮೇಲೆ ಹಲ್ಲಿನ ಗುರುತು ಬಿತ್ತು.

ಮೊನ್ನೆ ಸೂಜಿ ಗಾಡಿ ಬಂತು. ಡಾಕ್ಟರಮ್ಮ ನನ್ನ ಕಡೆ ತಿರುಗುವ ಮೊದಲೇ ನಾನು ಸಹಾಯಕಿಯನ್ನು ಕರೆದೆ. ‘ನನ್ನನ್ನೇನು ಕೇಳುತ್ತೀರಿ’ ಎಂದು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದವಳು ಅರ್ಧ ತಾಸು ಬಿಡದೆ ಒಂದೊಂದು ಮಗುವಿನ ಜಾತಕ ಹೇಳಿದಳು. ಆ ದಿನ ಅನ್ನ ತಳ ಹಿಡಿಯಿತು.