ಹಸಿರು ಕಣಿವೆಯ ಅಡುಗೆಯವನು

ಲುವೆನ್‌ನಲ್ಲಿ ನಮಗೆ ಸಿಕ್ಕಿದ್ದ ಮನೆಯ ಮೆಟ್ಟಿಲು ತುಂಬಾ ಕಡಿದು. ಹಿಡಿದುಕೊಂಡು ಹತ್ತಲಿ ಅಂತ ಪಕ್ಕದಲ್ಲಿ ಒಂದು ದಪ್ಪ ಹಗ್ಗ ಕಟ್ಟಿದ್ದರು. ಕೈ ತಾಗಿ ತಾಗಿ ಅದು ಮಧ್ಯದಲ್ಲಿ ನುಣ್ಣಗಾಗಿತ್ತು. ಒಂದು ಕೈಯಲ್ಲಿ ಆ ಹಗ್ಗ, ಕಂಕುಳಲ್ಲಿ ಎರಡು ವರ್ಷದ ಮಗಳು. ಗಂಡನಿಗೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷದ ಸಂಶೋಧನೆಯ ಕೆಲಸ ಸಿಕ್ಕಿತ್ತು. ನಾನು ಬೆಂಗಳೂರಿನ ನೌಕರಿ ಬಿಟ್ಟು ಜೊತೆಗೆ ಹೋಗಿದ್ದೆ.

ಮನೆ ಇದ್ದದ್ದು ಗ್ರೋಟ್ ಬೆಗೈನ್‌ಹೋಫ್‌ನಲ್ಲಿ. ಬೆಲ್ಜಿಯಂನ ಆ ಊರಿನೊಳಗೆ ಅದೊಂದು ಪುಟ್ಟ ಊರು. ಕೆಂಪು ಇಟ್ಟಿಗೆಯ ಸುಮಾರು 100 ಮನೆಗಳು, ಕಲ್ಲು ಹಾಸಿದ ಓಣಿಗಳು, ದೊಡ್ಡ ಗೋಪುರವಿಲ್ಲದ ಒಂದು ಚರ್ಚು, ಮನೆಗಳ ನಡುವೆಯೇ ಹರಿಯುವ ಡೈಲೆ ನದಿ. ಈಗಿರುವ ಮನೆಗಳು ಹೆಚ್ಚಿನವು 17ನೇ ಶತಮಾನದವು. ಆದರೆ ಆ ಜಾಗ 13ನೇ ಶತಮಾನದ್ದು. ಅದನ್ನು ಕಟ್ಟಿಕೊಂಡವರು ಬೆಗೀನ್ ಎಂಬ ಹೆಂಗಸರು. 1962ರಲ್ಲಿ ವಿಶ್ವವಿದ್ಯಾಲಯ ಅದನ್ನು ಕೊಂಡು ದುರಸ್ತಿ ಮಾಡಿಸಿತು.

ಬೆಗೀನರು ಮಠದ ಸನ್ಯಾಸಿನಿಯರಲ್ಲ. ಜೀವನಪೂರ್ತಿಯ ವ್ರತ ಅವರಿಗಿರಲಿಲ್ಲ. ಇರುವಷ್ಟು ದಿನ ಬ್ರಹ್ಮಚರ್ಯ, ಬೇಡ ಅನ್ನಿಸಿದರೆ ಹೊರಗೆ ಹೋಗಿ ಮದುವೆಯಾಗಬಹುದು. ಆಸ್ತಿ ಇದ್ದರೆ ಅದು ಅವರದ್ದೇ. ಉಣ್ಣೆ ನೂತು, ಬಟ್ಟೆ ಒಗೆದು, ರೋಗಿಗಳನ್ನು ನೋಡಿಕೊಂಡು, ಮಕ್ಕಳಿಗೆ ಪಾಠ ಹೇಳಿ ತಮ್ಮ ಅನ್ನ ತಾವೇ ದುಡಿಯುತ್ತಿದ್ದರು. ದೇವರ ಬಗ್ಗೆ ಲ್ಯಾಟಿನ್‌ನಲ್ಲಲ್ಲ, ಮನೆಮಾತಿನಲ್ಲಿ ಮಾತಾಡುತ್ತಿದ್ದರು. ಇದಕ್ಕೆ ಕೆಲವರು ಕೊಟ್ಟ ಬೆಲೆ ಜಾಸ್ತಿ. ಮಾರ್ಗರೀಟ್ ಪೊರೆಟ್ ಎಂಬಾಕೆ ದೇವರ ಪ್ರೀತಿಯ ಬಗ್ಗೆ ಫ್ರೆಂಚ್‌ನಲ್ಲಿ ಒಂದು ಪುಸ್ತಕ ಬರೆದಳು. ಮೊದಲು ಅವಳ ಕಣ್ಣೆದುರೇ ಪುಸ್ತಕ ಸುಟ್ಟರು. ಅವಳು ಹಿಂದೆ ಸರಿಯಲಿಲ್ಲ. 1310ರ ಜೂನ್ 1ರಂದು ಪ್ಯಾರಿಸ್‌ನಲ್ಲಿ ಅವಳನ್ನೇ ಸುಟ್ಟರು. ಮುಂದಿನ ಎರಡು ವರ್ಷದಲ್ಲೇ ವಿಯೆನ್ ಎಂಬಲ್ಲಿ ಸೇರಿದ ಚರ್ಚಿನ ಮಹಾಸಭೆ ಬೆಗೀನರ ವಿರುದ್ಧ ತೀರ್ಮಾನ ಮಾಡಿತು. ಆದರೂ ಈ ಸೀಮೆಯಲ್ಲಿ ಅವರು ಉಳಿದುಕೊಂಡರು. ಕೊನೆಯ ಬೆಗೀನ್ ಎಂದು ಹೆಸರಾದ ಮಾರ್ಸೆಲ್ಲಾ ಪಾಟೈನ್ ಕೋರ್ಟ್ರೈಕ್ ಊರಿನಲ್ಲಿ ತೀರಿಕೊಂಡದ್ದು 2013ರ ಏಪ್ರಿಲ್‌ನಲ್ಲಿ, 92ನೇ ವಯಸ್ಸಿನಲ್ಲಿ. ಅಂದರೆ ನಾನು ಹುಟ್ಟಿ ಬೆಳೆದು ಕೆಲಸಕ್ಕೆ ಸೇರಿದ ಮೇಲೂ ಅವರಲ್ಲೊಬ್ಬರು ಬದುಕಿದ್ದರು.

ಇಷ್ಟೆಲ್ಲ ಪ್ರಾರ್ಥನೆ ನಡೆದ ಜಾಗದಲ್ಲಿ ನನ್ನ ಪ್ರಾರ್ಥನೆ ನಿಂತುಹೋಗಿತ್ತು. ಬೆಳಗ್ಗೆ ಐದೂವರೆಗೆ ಎದ್ದು ಅರ್ಧ ಗಂಟೆ ಕಣ್ಣು ಮುಚ್ಚಿ ಕೂರುವುದು ನನ್ನ ಹತ್ತು ವರ್ಷದ ರೂಢಿ. ಅಲ್ಲಿ ನಾನು ಎದ್ದ ಕೂಡಲೇ ಮಗಳೂ ಏಳುತ್ತಿದ್ದಳು. ಆಮೇಲೆ ಹಾಲು, ತಿಂಡಿ, ಪಾತ್ರೆ, ಮತ್ತೆ ಅಡುಗೆ. ರಾತ್ರಿ ಕೂತರೆ ನಿದ್ದೆ. ಮೂರು ತಿಂಗಳು ಹೀಗೇ ಕಳೆದವು. ದೇವರ ಹತ್ತಿರ ಸಾಲ ಬೆಳೆಯುತ್ತಿದೆ ಅನ್ನಿಸುತ್ತಿತ್ತು. ಯಾರಿಗೂ ಹೇಳಿರಲಿಲ್ಲ.

ಎದುರು ಮನೆಯಲ್ಲಿ ಒಬ್ಬ ಹಿರಿಯ ಹೆಂಗಸು ಇದ್ದರು. ಹಳೇ ಡಚ್ ಸಾಹಿತ್ಯ ಓದಿಕೊಂಡವರು. ಒಂದು ದಿನ ಸಾರಿನ ವಾಸನೆ ಹಿಡಿದು ಬಾಗಿಲಿಗೆ ಬಂದರು. ಕೂರಿಸಿ ಬಡಿಸಿದೆ. ಮಾತಿಗೆ ಮಾತು ಬಂದು, ಅಡುಗೆಮನೆಯಲ್ಲೇ ದಿನ ಕಳೆದುಹೋಗುತ್ತದೆ, ಕೂರಲು ಆಗುವುದೇ ಇಲ್ಲ ಎಂದೆ. ಅವರು ಚಮಚ ಕೆಳಗಿಟ್ಟು ಕೇಳಿದರು: 'ನಿನಗೆ ಒಳ್ಳೆಯ ಅಡುಗೆಯವನು ಗೊತ್ತಾ?' ಯಾವುದೋ ಹೋಟೆಲಿನ ವಿಷಯ ಅಂದುಕೊಂಡೆ. ಅವರು ಹೇಳಿದ್ದು ಯಾನ್ ವಾನ್ ಲೇವೆನ್ ಎಂಬವನ ವಿಷಯ. ಗ್ರೂನೆನ್‌ಡಾಲ್ ಎಂಬಲ್ಲಿದ್ದ ಮಠದಲ್ಲಿ ಅಡುಗೆ ಮಾಡಿಕೊಂಡಿದ್ದು, 1378ರಲ್ಲಿ ತೀರಿಕೊಂಡವನು. ಲ್ಯಾಟಿನ್‌ನಲ್ಲಿ ಅವನನ್ನು 'ಬೋನಸ್ ಕೋಕಸ್' ಎನ್ನುತ್ತಿದ್ದರಂತೆ. ಒಳ್ಳೆಯ ಅಡುಗೆಯವನು ಅಂತಲೇ ಅರ್ಥ.

ಆ ಶನಿವಾರವೇ ಹೊರಟೆವು. ನವೆಂಬರ್ ತಿಂಗಳು. ಬ್ರಸೆಲ್ಸ್‌ನಲ್ಲಿ ರೈಲು ಬದಲಿಸಿ ಗ್ರೂನೆನ್‌ಡಾಲ್ ನಿಲ್ದಾಣದಲ್ಲಿ ಇಳಿದೆವು. ಗ್ರೂನೆನ್‌ಡಾಲ್ ಅಂದರೆ ಹಸಿರು ಕಣಿವೆ. ಸುತ್ತ ಸೋನಿಯನ್ ಕಾಡು. ಕಂಬದ ಹಾಗೆ ನೆಟ್ಟಗೆ ನಿಂತ ಬೀಚ್ ಮರಗಳು, ಕಾಲಡಿ ತಾಮ್ರದ ಬಣ್ಣದ ಎಲೆ. ಮಗಳು ಎಲೆಗಳನ್ನು ಒದೆಯುತ್ತಾ ನಡೆದಳು. ಮರಗಳ ಆಚೆ ರಿಂಗ್ ರೋಡಿನ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಈ ಬೀಚ್ ಮರಗಳು ಬಹಳಷ್ಟು 18ನೇ ಶತಮಾನದಿಂದ ಈಚೆಗೆ ನೆಟ್ಟವುಗಳ ಸಾಲಿನವು. ನಾನು ಹುಡುಕಿಕೊಂಡು ಹೋದ ಜನ ನೋಡಿದ ಕಾಡು ಬೇರೆಯೇ ಇತ್ತು.

ಆ ಮಠದವರ ಕತೆ ಶುರುವಾಗುವುದು ಬ್ರಸೆಲ್ಸ್‌ನಲ್ಲಿ. ಯಾನ್ ವಾನ್ ರೂಸ್‌ಬ್ರೂಕ್ ಎಂಬ ಹುಡುಗ 1293ರಲ್ಲಿ ಹುಟ್ಟಿದ. 11ನೇ ವಯಸ್ಸಿಗೆ ತಾಯಿಯನ್ನು ಬಿಟ್ಟು ಬ್ರಸೆಲ್ಸ್‌ಗೆ, ಪಾದ್ರಿಯಾಗಿದ್ದ ಬಂಧು ಯಾನ್ ಹಿಂಕಾರ್ಟ್ ಮನೆಗೆ ಬಂದ. ತಾಯಿ ತಡೆಯಲಾರದೆ ಹಿಂದೆಯೇ ಬಂದಳು. ಆ ಮನೆಯಲ್ಲಿ ಅವಳಿಗೆ ಇರಲು ಆಗಲಿಲ್ಲ. ಅವಳು ಹೋಗಿ ಸೇರಿಕೊಂಡದ್ದು ಬೆಗೀನರ ಜೊತೆ. ಮಗ ಒಂದೇ ಊರಿನಲ್ಲಿ, ಆದರೆ ಬೇರೆ ಸೂರಿನಡಿ. ಅವನು ಪಾದ್ರಿಯಾಗುವ ಮುಂಚೆಯೇ ಅವಳು ತೀರಿಕೊಂಡಳು. ಇದನ್ನು ಬರೆದಿಟ್ಟವನು ಪೊಮೇರಿಯಸ್, 15ನೇ ಶತಮಾನದ ಆರಂಭದಲ್ಲಿ. ಅವನಿಗೆ ಇದು ರೂಸ್‌ಬ್ರೂಕ್ ಎಷ್ಟು ದೊಡ್ಡವನು ಎಂದು ತೋರಿಸುವ ಕತೆ. ನನಗೆ ಆ ತಾಯಿ ಸಂಜೆ ಹೊತ್ತು ಯಾವ ಓಣಿಯಲ್ಲಿ ನಿಂತು ಆ ಮನೆಯ ಕಿಟಕಿ ನೋಡುತ್ತಿದ್ದಳೋ ಅನ್ನಿಸಿ ಹೊಟ್ಟೆ ಹಿಂಡಿದಂತಾಯಿತು.

1343ರಲ್ಲಿ ರೂಸ್‌ಬ್ರೂಕ್, ಹಿಂಕಾರ್ಟ್, ಫ್ರಾಂಕ್ ವಾನ್ ಕೌಡೆನ್‌ಬರ್ಗ್, ಈ ಮೂವರು ಪಾದ್ರಿಗಳು ಬ್ರಸೆಲ್ಸ್‌ನ ದೊಡ್ಡ ಚರ್ಚು ಬಿಟ್ಟು ಈ ಕಾಡಿಗೆ ಬಂದರು. ಅವರು ನೆಲೆಸಿದ ಜಾಗವೇ ಮುಂದೆ ಮಠವಾಯಿತು. ರೂಸ್‌ಬ್ರೂಕ್‌ಗೆ ಆಗ 50. ಅವನು ಬರೆದದ್ದೆಲ್ಲ ಜನರ ಡಚ್‌ನಲ್ಲಿ. ಮೇಣದ ಹಲಗೆ ಹಿಡಿದು ಕಾಡಿಗೆ ಹೋಗಿ ಮರದ ಕೆಳಗೆ ಕೂತು ಬರೆಯುತ್ತಿದ್ದನಂತೆ. ಒಮ್ಮೆ ತುಂಬಾ ಹೊತ್ತಾದರೂ ಬರಲಿಲ್ಲ. ಹುಡುಕಿಕೊಂಡು ಹೋದವರಿಗೆ ದೂರದಿಂದಲೇ ಒಂದು ಮರ ಬೆಂಕಿಯಂತೆ ಬೆಳಗುವುದು ಕಂಡಿತು, ಅದರಡಿ ಅವನು ಮೈಮರೆತು ಕೂತಿದ್ದ ಎಂದು ಕತೆ. ಈ ಮರದ ಕತೆಯನ್ನು ಎಲ್ಲರೂ ಹೇಳುತ್ತಾರೆ. ಅದೇ ಮನುಷ್ಯ ಗೊಬ್ಬರದ ಗಾಡಿ ಎಳೆದದ್ದನ್ನು ಹೇಳುವವರು ಕಮ್ಮಿ. ಅವನ ಮಾತಿನಲ್ಲಿ ದೇವರು ಭರತ ಇಳಿತ ಇರುವ ಸಮುದ್ರ. ಒಳಗೆ ಎಳೆದುಕೊಳ್ಳುತ್ತಾನೆ, ಮತ್ತೆ ಹೊರಗೆ, ಜನರ ಹತ್ತಿರ ಕಳಿಸುತ್ತಾನೆ. ಸುಮ್ನೆ ಕೂತು ಆ ಶಾಂತಿಯನ್ನೇ ಉಣ್ಣುತ್ತಾ ಯಾರಿಗೂ ಆಗದವರನ್ನು ಅವನು ನಿಷ್ಠುರವಾಗಿ ಟೀಕಿಸಿದ್ದಾನೆ.

ಇವರು ಬಂದ ಸ್ವಲ್ಪ ದಿನಕ್ಕೇ ಯಾನ್ ವಾನ್ ಲೇವೆನ್ ಬಂದು ಸೇರಿದ. ಪಾದ್ರಿಯಲ್ಲ. ಓದು ಬರಹ ಬಾರದ ಸಾಮಾನ್ಯ. ಅವನಿಗೆ ಸಿಕ್ಕಿದ್ದು ಅಡುಗೆಮನೆ. ಅಕ್ಷರ ಕಲಿತದ್ದು ಇಲ್ಲೇ. ಆಮೇಲೆ 20ಕ್ಕೂ ಹೆಚ್ಚು ಕೃತಿ ಬರೆದ. ಅಡುಗೆ ಕಾಯಕವಾಗಿಯೇ ಉಳಿಯಿತು.

ಅವನು ಸಾಧು ಸ್ವಭಾವದವನು ಅಂತ ಏನಿಲ್ಲ. ಜರ್ಮನಿಯ ಗುರು ಎಕ್‌ಹಾರ್ಟ್ ಮೇಲೆ ಅವನಿಗೆ ಎಲ್ಲಿಲ್ಲದ ಸಿಟ್ಟು. 1329ರಲ್ಲಿ ಪೋಪ್ ಎಕ್‌ಹಾರ್ಟ್‌ನ 28 ಮಾತುಗಳ ಮೇಲೆ ಆಕ್ಷೇಪ ಹೊರಡಿಸಿದ್ದ. ಅಡುಗೆಯವನೂ ಅವನನ್ನು ಕಟುವಾಗಿ ಬೈದು ಬರೆದ. ಆದರೆ ಅದೇ ಎಕ್‌ಹಾರ್ಟ್, ನೀನು ದೇವರಲ್ಲಿ ಮೈಮರೆತಿದ್ದಾಗ ಒಬ್ಬ ರೋಗಿಗೆ ಸೂಪ್ ಬೇಕಾಗಿದೆ ಅಂತ ಗೊತ್ತಾದರೆ ಎದ್ದು ಹೋಗಿ ಸೂಪ್ ಕೊಡು, ಅದೇ ಮೇಲು ಎಂದು ಹೇಳಿದವನು. ಸೂಪ್ ಮಾಡುವವನೇ ಈ ಮಾತು ಹೇಳಿದವನನ್ನು ಬೈದನಲ್ಲ ಎಂದು ನನಗೆ ನಿಜವಾಗಿ ನೋವಾಯಿತು. ಅಡುಗೆಯವನನ್ನು ಕ್ಷಮಿಸಲು ನನಗಿರುವ ಒಂದೇ ಕಾರಣ ಹಾಡೆವೈಖ್. ಆ ಹೆಣ್ಣು ಕವಿಯ ಮಾತುಗಳನ್ನು ಅವನು ತಲೆಬಾಗಿ ನೆನೆಯುತ್ತಾನೆ, ಪವಿತ್ರಳಾದ ಹೆಂಗಸು ಎನ್ನುತ್ತಾನೆ. ಹೆಂಗಸರ ಮೇಲೆ ಅಷ್ಟು ಅನುಮಾನ ಇದ್ದ ಕಾಲದಲ್ಲಿ ಅದು ಸಣ್ಣ ಮಾತಲ್ಲ.

ಮಠ ಇದ್ದ ಜಾಗದಲ್ಲಿ ಈಗ ಕೆರೆಗಳಿವೆ, ನಂತರದ ಕಾಲದ ಕಟ್ಟಡ ಇದೆ. 1784ರಲ್ಲಿ ಚಕ್ರವರ್ತಿ ಎರಡನೇ ಜೋಸೆಫ್ ಕಾಲದಲ್ಲಿ ಮಠವನ್ನು ಮುಚ್ಚಿಸಿದರು. ಅಡುಗೆಮನೆ ಎಲ್ಲಿತ್ತು ಅಂತ ಕಣ್ಣಲ್ಲೇ ಹುಡುಕಿದೆ. ನೀರಿಗೆ ಹತ್ತಿರ ಇರಬೇಕು ಅಲ್ವಾ? ಪಾತ್ರೆ ತೊಳೆಯಬೇಕು, ಮೀನು ತರಬೇಕು. ಕೆರೆಯ ದಂಡೆಯ ಬೆಂಚಿನ ಮೇಲೆ ಕೂತೆ. ಗಂಡ ಮಗಳನ್ನು ಬಾತುಕೋಳಿ ತೋರಿಸಲು ಕರೆದುಕೊಂಡು ಹೋದರು. ಮೂರು ತಿಂಗಳ ಮೇಲೆ ಸಿಕ್ಕ ಹೊತ್ತು. ಕಣ್ಣು ಮುಚ್ಚಿದೆ.

ಏನೂ ಆಗಲಿಲ್ಲ. ಲೆಕ್ಕ, ಊರಿನ ಫೋನು, ಕುಕ್ಕರಿನ ಗ್ಯಾಸ್ಕೆಟ್, ಇವೇ ಬಂದವು. ಆಮೇಲೆ ಒಂದು ಕೈ ನೆನಪಿಗೆ ಬಂತು. ನಮ್ಮಮ್ಮನ ಕೈಯಲ್ಲ, ನನ್ನದೂ ಅಲ್ಲ. ಮಸಿ ಮೆತ್ತಿದ ಒಂದು ದಪ್ಪ ಕೈ, ದೊಡ್ಡವನಾದ ಮೇಲೆ ಅಕ್ಷರ ತಿದ್ದುತ್ತಿರುವುದು. ಅದು ಪಾತ್ರೆಯ ಮಸಿಯೋ ಬರೆಯುವ ಮಸಿಯೋ ಗೊತ್ತಾಗಲಿಲ್ಲ. ಎಷ್ಟು ಹೊತ್ತು ಅದನ್ನೇ ನೋಡುತ್ತಿದ್ದೆನೋ. ಕಣ್ಣು ತೆರೆದಾಗ ಮಗಳು ಮೊಣಕಾಲು ಹಿಡಿದು ನಿಂತಿದ್ದಳು. ಹಸಿವು ಅಂದಳು. ಡಬ್ಬಿ ತೆಗೆದೆ. ಮೊಸರನ್ನ ಚಳಿಗೆ ಗಟ್ಟಿಯಾಗಿತ್ತು. ಫ್ಲಾಸ್ಕಿನ ಬಿಸಿನೀರು ಸ್ವಲ್ಪ ಹಾಕಿ ಕಲಸಿ ತಿನ್ನಿಸಿದೆ.

ಮಾರನೇ ದಿನ ಐದೂವರೆಗೆ ಎಚ್ಚರವಾಯಿತು. ಮಗಳಿಗೂ ಆಯಿತು. ಅವಳನ್ನು ಎತ್ತಿಕೊಂಡು, ಹಗ್ಗ ಹಿಡಿದು, ಕತ್ತಲಲ್ಲಿ ಒಂದೊಂದೇ ಮೆಟ್ಟಿಲು ಇಳಿದು ಹೋಗಿ ಹಾಲು ಒಲೆಯ ಮೇಲಿಟ್ಟೆ. ಅದು ಉಕ್ಕಿ ಬರುವವರೆಗೂ ಇಬ್ಬರೂ ಮಾತಾಡದೆ ನೋಡುತ್ತಾ ನಿಂತೆವು.